ತೆಕ್ಕಲಕೋಟೆಯ ಗುಡ್ಡಗಳೂ ಏಷ್ಯಾವಿದ್ಯೆಯ ಪೀಠಗಳೂ

ಮನೆಯ ಹಳೆಯ ಕಡತವನ್ನು ಹೊರಗಿನವರು ಬಂದು ಬಿಚ್ಚಿ ಓದಿ, ಮನೆಯವರಿಗೆ ಅದರ ಅರ್ಥವನ್ನು ಹೇಳಬೇಕಾಗಿ ಬರುವುದು ಸ್ವಾಭಿಮಾನವುಳ್ಳ ಯಾವ ಜನಕ್ಕೂ ಹೆಮ್ಮೆಯ ಸಂಗತಿಯಲ್ಲ. ಆದರೆ ಅದಕ್ಕಾಗಿ ಓದಿದವರ ಮೇಲೆ ಮುನಿಯುವುದರಿಂದ ಪ್ರಯೋಜನವಿಲ್ಲ. ಅವರು ಓದಿದುದೇನು, ಓದಿದುದು ಯಾರ ಕೈ ಸೇರಿತು, ಇನ್ನು ಮುಂದೆ ಓದತಕ್ಕವರು ಯಾರು ಎಂಬುದನ್ನು ವಿಚಾರಿಸುವುದೇ ವಿವೇಕ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ವಿಷಯವಾಗಿ ಈ ವಿಚಾರವನ್ನು ನಮ್ಮ ವಾಚಕರ ಮುಂದಿಡಬೇಕೆಂದು ನಮ್ಮ ಉದ್ದೇಶ.

ಏಷ್ಯಾಖಂಡದ ಭಾಷೆ, ಇತಿಹಾಸ, ಶಿಲ್ಪ, ಧರ್ಮಗಳನ್ನು ಶೋಧಿಸುವುದಕ್ಕೆಂದೇ ಏರ್ಪಟ್ಟ ವಿದ್ವತ್ಪೀಠಗಳು ಎರಡು ಶತಮಾನಗಳಿಗೂ ಮಿಕ್ಕಿ ಕೆಲಸಮಾಡುತ್ತ ಬಂದಿವೆ. ೧೭೮೪ರಲ್ಲಿ ಸರ್ ವಿಲಿಯಂ ಜೋನ್ಸರು ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದರು. ೧೮೨೩ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಹುಟ್ಟಿತು. ೧೯೦೦ರಲ್ಲಿ ಫ್ರೆಂಚರ ದೂರಪ್ರಾಚ್ಯ ವಿದ್ಯಾಪೀಠವೂ, ೧೯೫೫ರಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯೂ, ೧೯೬೧ರಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಎಂಬ ಸಂಸ್ಥೆಯೂ, ೧೯೯೩ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಏಷ್ಯಾ ಅಧ್ಯಯನಗಳ ಅಂತರರಾಷ್ಟ್ರೀಯ ಸಂಸ್ಥೆಯೂ ತಲೆಯೆತ್ತಿದವು. ಇವೆಲ್ಲ ದೂರದ ದೊಡ್ಡವರ ಮಾತು, ಭತ್ತ ಬೆಳೆಯುವ ಒಂದು ಸಣ್ಣ ಪಟ್ಟಣಕ್ಕೂ ಇವಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ಬಹಳವಿದೆ. ಆ ಪೀಠಗಳ ಪುಸ್ತಕಭಂಡಾರಗಳಲ್ಲಿ ತೆಕ್ಕಲಕೋಟೆಯ ಹೆಸರು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಸ್ಥಿರವಾಗಿ ನಿಂತಿದೆ. ಅಲ್ಲಿ ಅದು ಅಕ್ಕಿಯ ಊರಲ್ಲ. ಮನುಷ್ಯನು ಹಟ್ಟಿಕಟ್ಟಿ, ದನ ಸಾಕಿ, ಕಾಳು ಬಿತ್ತಲು ಕಲಿತ ಕಾಲದ ಒಂದು ಸಾಕ್ಷಿ.

ಬೂದಿಯಿಂದ ಆರಂಭವಾದ ಶೋಧ

ಬಳ್ಳಾರಿಯಿಂದ ಸಿರುಗುಪ್ಪದ ದಾರಿಯನ್ನು ಹಿಡಿದು ಉತ್ತರಕ್ಕೆ ಹೋಗುವವರಿಗೆ ಎರಡೂ ಕಡೆ ಕಪ್ಪು ನೆಲದ ಬಯಲು ಕಾಣುತ್ತದೆ; ಅದರ ನಡುನಡುವೆ ದೈತ್ಯರು ಆಡಿ ಬಿಟ್ಟ ಗೋಲಿಗಳಂತೆ ಬಂಡೆಗಳು ಒಂದರ ಮೇಲೊಂದು ಕುಳಿತ ಕಣಶಿಲೆಯ ಗುಡ್ಡಗಳು ಎದ್ದಿವೆ. ತುಂಗಭದ್ರೆಯ ಅಣೆಕಟ್ಟಿನ ನೀರು ಕಾಲುವೆಗಳಲ್ಲಿ ಹರಿದಮೇಲೆ ಬಯಲು ಹಸುರಾಯಿತು. ೧೯೫೩ರ ಅಕ್ಟೋಬರ್ ೧ರಂದು, ಮದರಾಸು ಆಧಿಪತ್ಯದಲ್ಲಿ ದೀರ್ಘಕಾಲ ಸಿಕ್ಕಿಕೊಂಡಿದ್ದ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕನ್ನಡಿಗರ ಏಕೀಕರಣದ ಮೊದಲನೆಯ ಮೆಟ್ಟಿಲಾಯಿತು. ಬಯಲು ಬದಲಾಯಿತು, ಆಡಳಿತ ಬದಲಾಯಿತು. ಗುಡ್ಡಗಳು ಮಾತ್ರ ಬದಲಾಗದೆ ತಮ್ಮ ಕಥೆಯನ್ನು ಕಾಪಾಡಿಕೊಂಡು ಬಂದವು.

ಆ ಕಥೆಯ ಮೊದಲ ಸುಳಿವು ದೊರೆತುದು ಬೂದಿಯಲ್ಲಿ. ಬಳ್ಳಾರಿಯ ಸುತ್ತಮುತ್ತ, ಕುಡತಿನಿಯೇ ಮೊದಲಾದ ಕಡೆಗಳಲ್ಲಿ, ಕಿಟ್ಟಗಟ್ಟಿದ ಬೂದಿಯ ದೊಡ್ಡ ದಿಬ್ಬಗಳಿವೆ. ಹಿಂದಿನ ಕಾಲದ ರಾಕ್ಷಸರ ಚಿತೆಯ ಬೂದಿ ಅದೆಂದು ಜನರು ನಂಬಿದ್ದರು. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಈ ದಿಬ್ಬಗಳ ವಿಷಯವಾಗಿ ಬರೆದ ಲೇಖನ ೧೮೪೩ರಲ್ಲಿಯೇ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟರು ೧೮೭೨ರಲ್ಲಿ ಬಳ್ಳಾರಿಯ ಸಮೀಪದ ಕುಪ್ಪಗಲ್ಲಿನ ಗುಡ್ಡದಲ್ಲಿ ನಯಮಾಡಿದ ಕಲ್ಲುಗೊಡಲಿಗಳ ತಾಣವನ್ನು ಗುರುತಿಸಿದರು. ಅಲ್ಲಿಯ ಬಂಡೆಗಳ ಮೇಲೆ ಕೊರೆದ ಗೂಳಿಗಳ ಚಿತ್ರಗಳನ್ನು ಕುರಿತು ಫಾಸೆಟ್ ಎಂಬವರು ೧೮೯೨ರಲ್ಲಿ ‘ಏಷ್ಯಾಟಿಕ್ ಕ್ವಾರ್ಟರ್ಲಿ ರಿವ್ಯೂ’ ಎಂಬ ಪತ್ರಿಕೆಯಲ್ಲಿ ಬರೆದರು. ಹೀಗೆ ಬಳ್ಳಾರಿಯ ಕಲ್ಲೂ ಬೂದಿಯೂ ಬಳ್ಳಾರಿಯ ಶಾಲೆಗಳನ್ನು ಮುಟ್ಟುವುದಕ್ಕೆ ಮೊದಲೇ ಲಂಡನ್ನನ್ನು ಮುಟ್ಟಿದವು.

ಬೂದಿಯ ಒಗಟು ಒಡೆಯುವುದಕ್ಕೆ ಮತ್ತೆ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ೧೯೫೨ರಲ್ಲಿ ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ಅಗೆದಿದ್ದ ರೇಮಂಡ್ ಆಲ್ಚಿನ್ನರು ೧೯೫೭ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದು, ಅದು ರಾಕ್ಷಸರ ಬೂದಿಯೂ ಅಲ್ಲ, ಜ್ವಾಲಾಮುಖಿಯ ಬೂದಿಯೂ ಅಲ್ಲ, ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರ ಅವಶೇಷವೆಂದು ತೋರಿಸಿಕೊಟ್ಟರು. ಇದೇ ಆಲ್ಚಿನ್ ದಂಪತಿಗಳು ಬೇರೆ ಕೆಲವು ವಿದ್ವಾಂಸರೊಡನೆ ೧೯೭೮ರಲ್ಲಿ ಕೇಂಬ್ರಿಜ್ಜಿನಲ್ಲಿ ಪ್ರಾಚೀನ ಭಾರತ ಮತ್ತು ಇರಾನುಗಳ ಅಧ್ಯಯನಕ್ಕಾಗಿ ಒಂದು ಸಂಸ್ಥೆಯನ್ನು ನೆಲೆಗೊಳಿಸಿದರು. ನಮ್ಮ ಪೂರ್ವಿಕರು ಒಲೆಗೂ ಹೊಲಕ್ಕೂ ಬಳಸಿ ಮಿಕ್ಕುದನ್ನು ಸುಟ್ಟ ಸಗಣಿಯು ಪಂಡಿತರ ವಾದಕ್ಕೆ ನೂರು ವರ್ಷ ಗ್ರಾಸವಾದುದು ವಿನೋದವೆಂದು ತೋರಬಹುದು. ಆದರೆ ದನವೇ ಧನವಾಗಿದ್ದ ಒಂದು ಸಮಾಜದ ಸ್ವರೂಪ ನಮಗೆ ತಿಳಿದುದು ಆ ಬೂದಿಯಿಂದ.

ಪುಣೆಯಿಂದ ಬಂದವರು

ತೆಕ್ಕಲಕೋಟೆಯನ್ನು ಅಗೆದವರು ವಿದೇಶಿಯರಲ್ಲ. ಆ ಕೆಲಸವನ್ನು ಮಾಡಿದುದು ಪುಣೆಯ ಡೆಕ್ಕನ್ ಕಾಲೇಜು. ಅದರ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುವುದು ಅಪ್ರಸ್ತುತವಾಗದು. ೧೮೨೧ರಲ್ಲಿ ಹಿಂದೂ ಕಾಲೇಜೆಂಬ ಹೆಸರಿನಿಂದ ಹುಟ್ಟಿದ ಆ ವಿದ್ಯಾಲಯವನ್ನು ಸರಕಾರ ೧೯೩೪ರಲ್ಲಿ ಮುಚ್ಚಿಬಿಟ್ಟಿತು. ಹಳೆಯ ವಿದ್ಯಾರ್ಥಿಗಳು ಸುಮ್ಮನಿರದೆ ಹೋರಾಡಿದರು. ಅದರ ಫಲವಾಗಿ ೧೯೩೯ರಲ್ಲಿ ಅದು ಸಂಶೋಧನ ಸಂಸ್ಥೆಯಾಗಿ ಮರುಹುಟ್ಟು ಪಡೆಯಿತು. ಭಾಷಾಶಾಸ್ತ್ರಕ್ಕೆ ಎಸ್. ಎಂ. ಕತ್ರೆ, ಸಮಾಜಶಾಸ್ತ್ರಕ್ಕೆ ಇರಾವತಿ ಕರ್ವೆ, ಪ್ರಾಕ್ತನಶಾಸ್ತ್ರಕ್ಕೆ ಎಚ್. ಡಿ. ಸಂಕಾಳಿಯಾ ಇಂಥವರು ಅಲ್ಲಿ ನೆಲೆಸಿದರು. ಭಾರತೀಯರೇ ಭಾರತವನ್ನು ಶೋಧಿಸಬೇಕು, ಆದರೆ ಲೋಕದ ಯಾವ ಪೀಠದ ಮುಂದಾದರೂ ತಲೆಯೆತ್ತಿ ನಿಲ್ಲುವಷ್ಟು ಶಾಸ್ತ್ರಶುದ್ಧವಾಗಿ ಶೋಧಿಸಬೇಕು ಎಂಬುದನ್ನು ಅವರು ಮಾಡಿ ತೋರಿಸಿದರು.

ಆ ಸಂಸ್ಥೆಯ ಬಿ. ಸುಬ್ಬರಾವ್ ಅವರು ೧೯೪೬ರಲ್ಲಿ ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ಅಗೆದು, ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ತಮ್ಮ ಗ್ರಂಥವನ್ನು ೧೯೪೮ರಲ್ಲಿ ಪ್ರಕಟಿಸಿದರು. ಅದರ ಮುಂದಿನ ಹೆಜ್ಜೆಯೇ ತೆಕ್ಕಲಕೋಟೆ. ಕನ್ನಡಿಗರಾದ ಎಂ. ಎಸ್. ನಾಗರಾಜರಾಯರು ೧೯೬೩-೬೪ರಲ್ಲಿ ಅಲ್ಲಿಯ ಗುಡ್ಡಗಳಲ್ಲಿ ಉತ್ಖನನ ನಡೆಸಿದರು. ಅಸ್ಥಿಗಳ ಪರೀಕ್ಷೆಗೆ ಮಾನವಶಾಸ್ತ್ರಜ್ಞರಾದ ಕೆ. ಸಿ. ಮಲ್ಹೋತ್ರ ಅವರು ಜೊತೆಯಾದರು. ತೆಕ್ಕಲಕೋಟೆಯ ಶಿಲಾಯುಗದ ಗುಡ್ಡವಾಸಿಗಳು ಎಂಬರ್ಥದ ಹೆಸರಿನಿಂದ ಅವರ ವರದಿ ೧೯೬೫ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು.

ಅವರು ಕಂಡುದೇನು? ಬಂಡೆಗಳ ಆಸರೆಯಲ್ಲಿ, ಗುಡ್ಡದ ಇಳಿಜಾರನ್ನು ಸಮಮಾಡಿ ಕಟ್ಟಿಕೊಂಡ ಗುಂಡಗಿನ ಗುಡಿಸಲುಗಳ ನೆಲೆಗಳು. ನಯಗೊಳಿಸಿದ ಕಲ್ಲುಗೊಡಲಿ, ಕಲ್ಲಿನ ಸಣ್ಣ ಅಲಗುಗಳು, ಕೈಯಿಂದ ಮಾಡಿದ ಮಡಕೆಗಳು. ಸತ್ತವರನ್ನು ವಾಸದ ನೆಲೆಯಲ್ಲಿಯೇ ಹೂಳುವ ಪದ್ಧತಿ; ಎಳೆಯ ಮಕ್ಕಳನ್ನಾದರೋ ಮಡಕೆಯೊಳಗಿಟ್ಟು ಮಣ್ಣುಮಾಡುತ್ತಿದ್ದರು. ಕಲ್ಲಿನ ಜೊತೆಗೇ ತಾಮ್ರದ ವಸ್ತುಗಳು, ಮತ್ತು ಚಿನ್ನದ ಒಡವೆ! ಶಿಲಾಯುಗದವರೆಂದರೆ ಕಾಡುಜನರೆಂದು ಭಾವಿಸುವವರು ಈ ಚಿನ್ನವನ್ನು ನೆನೆಯಬೇಕು. ನದಿಯಾಚೆಯ ರಾಯಚೂರು ಸೀಮೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆಂಬುದನ್ನೂ ಅದರೊಡನೆ ನೆನೆಯಬಹುದು. ಅಲ್ಲಿ ದೊರೆತ ಇದ್ದಿಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ರೇಡಿಯೋ ಕಾರ್ಬನ್ ಪರೀಕ್ಷೆಗೆ ಒಳಪಡಿಸಲಾಗಿ, ಈ ವಸತಿಯ ಕಾಲ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಮೊದಲರ್ಧವೆಂದು ತಿಳಿದುಬಂದಿತು. ಅಂದರೆ ಹಂಪೆಯ ಅರಮನೆಗಳಿಗಿಂತ ಮೂರು ಸಾವಿರ ವರ್ಷಗಳಷ್ಟು ಹಿಂದೆ ಇಲ್ಲಿ ಒಲೆ ಉರಿಯುತ್ತಿತ್ತು, ತೊಟ್ಟಿಲು ತೂಗುತ್ತಿತ್ತು.

ಬೋಯರ ಗುಡಿಸಲು ಕಲಿಸಿದ ಪಾಠ

ನಾಗರಾಜರಾಯರು ನೆಲದೊಳಗಣದನ್ನು ಮಾತ್ರ ನೋಡಿ ತೃಪ್ತರಾಗಲಿಲ್ಲ. ತೆಕ್ಕಲಕೋಟೆಯ ಬೋಯರ ಬಾಳಿನಲ್ಲಿ ಆ ಪ್ರಾಚೀನ ಜೀವನದ ಕೆಲವು ಅಂಶಗಳು ಉಳಿದುಬಂದಿರುವುದನ್ನು ಅವರು ಗಮನಿಸಿ, ಆ ವಿಷಯವಾಗಿ ೧೯೬೫ರಲ್ಲಿ ‘ಆಂತ್ರೊಪೋಸ್’ ಪತ್ರಿಕೆಯಲ್ಲಿ ಬರೆದರು. ವಿಲ್ಹೆಲ್ಮ್ ಶ್ಮಿಟ್ ಎಂಬ ಪಾದ್ರಿ ೧೯೦೬ರಲ್ಲಿ ಸ್ಥಾಪಿಸಿದ, ಲೋಕದ ಮಾನವಶಾಸ್ತ್ರಜ್ಞರೆಲ್ಲ ಆದರಿಸುವ ಯುರೋಪಿನ ಪತ್ರಿಕೆ ಅದು. ತೆಕ್ಕಲಕೋಟೆಯ ಬೋಯರು ಗುಡಿಸಲು ಕಟ್ಟುವ ಬಗೆ ಹೀಗೆ ಯುರೋಪಿನ ವಿದ್ವತ್ಸಭೆಗಳಿಗೆ ಪರಿಚಿತವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಹಳೆಯ ಪದ್ಧತಿಯನ್ನು ಉಳಿಸಿಕೊಂಡವರನ್ನು ಹಿಂದುಳಿದವರೆಂದು ಬಗೆಯುವುದು ಓದಿದವರಲ್ಲಿ ರೂಢಿಯಾಗಿದೆ. ಈ ಬಗೆ ಅನ್ಯಾಯವಾದುದು. ಸುಡುವ ಬಂಡೆಯ ಸೀಮೆಯಲ್ಲಿ ಯಾವ ಆಕಾರದ ಮನೆ ಗಾಳಿಗೆ ನಿಲ್ಲುತ್ತದೆ, ಯಾವ ಹೊದಿಕೆ ಬಿಸಿಲನ್ನು ತಡೆಯುತ್ತದೆ ಎಂಬುದು ಅನುಭವದಿಂದ ಬಂದ ವಿದ್ಯೆ. ಮಣ್ಣಿನಲ್ಲಿ ಉಳಿದಿದ್ದ ಕಂಬದ ಕುಳಿಗಳಿಗೂ ಕಲ್ಲಿನ ಸುತ್ತುಗಳಿಗೂ ಅರ್ಥ ಹೇಳುವುದಕ್ಕೆ ಪಂಡಿತರಿಗೆ ನೆರವಾದುದು ಈ ವಿದ್ಯೆಯೇ. ಆದುದರಿಂದ ಬೋಯರನ್ನು ಆ ಸಂಶೋಧನೆಯ ಸಾಮಗ್ರಿಯೆಂದೆಣಿಸದೆ ಅದರ ಗುರುಗಳ ಸಾಲಿನಲ್ಲಿ ಎಣಿಸುವುದು ಯುಕ್ತ. ಗುರುಗಳಾದವರಿಗೆ ತಮ್ಮಿಂದ ಕಲಿತುದು ಏನೆಂದು ಅವರದೇ ಮಾತಿನಲ್ಲಿ ಹೇಳುವುದು ಶಿಷ್ಯರ ಕರ್ತವ್ಯವಲ್ಲವೆ?

ಉತ್ಖನನ ಮುಗಿದ ಮೇಲೂ ತೆಕ್ಕಲಕೋಟೆಯ ಮಾತು ಮುಗಿಯಲಿಲ್ಲ. ಅಲ್ಲಿಯ ಪ್ರಾಚೀನರ ಧಾನ್ಯದಲ್ಲಿ ಹುರುಳಿ ಇದ್ದುದು ಆಗಲೇ ಗೊತ್ತಾಗಿತ್ತು. ಮುಂದೆ ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನ ಡೋರಿಯನ್ ಫುಲ್ಲರ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮೊದಲಾದವರು ತೆಕ್ಕಲಕೋಟೆ, ಕುರುಗೋಡು, ಸಂಗನಕಲ್ಲು, ಹಳ್ಳೂರು ಮುಂತಾದ ಹಲವು ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಕರಿಕಾದ ಬೀಜಗಳನ್ನು ಬೇರ್ಪಡಿಸಿ, ೨೦೦೪ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಹುರುಳಿ, ಹೆಸರು, ಕೊರಲೆ ಮುಂತಾದ ಈ ನೆಲದ ಕಾಳುಗಳೇ ಆ ಜನರ ಮುಖ್ಯ ಬೆಳೆಗಳಾಗಿದ್ದುವೆಂದೂ, ಗೋದಿ ಮತ್ತು ಜವೆ ಹೊರಗಿನಿಂದ ಬಂದು ಸೇರಿದುವೆಂದೂ ಅವರು ತೋರಿಸಿದರು.

ಈ ನಿರ್ಣಯದಲ್ಲಿ ಎಷ್ಟು ಹುರುಳಿದೆಯೆಂಬುದನ್ನು ವಾಚಕರು ಯೋಚಿಸಬೇಕು. ಬೇಸಾಯವೆಂಬುದು ಎಲ್ಲಿಯೋ ಒಂದು ಕಡೆ ಹುಟ್ಟಿ ಕೈಯಿಂದ ಕೈಗೆ ದಕ್ಷಿಣಕ್ಕೆ ಬಂದ ಎರವಲೆಂದು ಬಹುಕಾಲ ನಂಬಿಕೆಯಿತ್ತು. ದಕ್ಷಿಣದವರು ತಮ್ಮ ನೆಲದ ಹುಲ್ಲನ್ನೂ ಬಳ್ಳಿಯನ್ನೂ ತಾವೇ ಪಳಗಿಸಿ ಬೆಳೆಯಾಗಿ ಮಾಡಿಕೊಂಡಿರಬೇಕೆಂಬ ವಾದಕ್ಕೆ ಬಳ್ಳಾರಿಯ ಗುಡ್ಡಗಳ ಹಿಡಿಮಣ್ಣು ಆಧಾರವಾಯಿತು. ಇಂದು ಕಾಲುವೆಯ ಕೃಪೆಯಿಂದ ಸಿರುಗುಪ್ಪದ ಸೀಮೆ ಭತ್ತದ ಕಣಜವಾಗಿದೆ. ಆದರೆ ಕಾಲುವೆಯಿಲ್ಲದ ಮೂರುಸಾವಿರದೈನೂರು ವರ್ಷಗಳ ಹಿಂದೆ ಈ ಒಣನೆಲದಲ್ಲಿ ಮಕ್ಕಳನ್ನು ಬದುಕಿಸಿದುದು ಹುರುಳಿ ಮತ್ತು ಕೊರಲೆ.

ಸಹಕಾರದ ಮಾದರಿ

ಹೊರಗಿನ ಪೀಠಗಳೊಡನೆ ನಾವು ಹೇಗೆ ನಡೆದುಕೊಳ್ಳತಕ್ಕದ್ದು ಎಂಬ ಪ್ರಶ್ನೆಗೆ ನಾಗರಾಜರಾಯರ ಮುಂದಿನ ಜೀವನವೇ ಉತ್ತರ ಕೊಡುತ್ತದೆ. ಕರ್ನಾಟಕದ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾಗಿದ್ದಾಗ ಅವರು ಹಂಪೆಯ ಶೋಧವನ್ನು ಹೊಸದಾಗಿ ಕೈಗೊಂಡರು. ೧೯೮೦ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ಲರು ಅಲ್ಲಿ ವಿಜಯನಗರ ಸಂಶೋಧನ ಯೋಜನೆಯನ್ನು ನಡೆಸಿದರು; ಅದರ ಗ್ರಂಥಮಾಲೆಯ ಪ್ರಕಟಣೆಗೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯೂ ಕೈಜೋಡಿಸಿತು. ಇಲಾಖೆಯ ಕಡೆಯಿಂದ ಶೋಧನೆಯ ಪ್ರಗತಿಯ ವರದಿಗಳನ್ನು ನಾಗರಾಜರಾಯರು ಸಂಪಾದಿಸಿದರು. ೧೯೮೪ರಲ್ಲಿ ಮೂವರೂ ಕೂಡಿ ವಿಜಯನಗರದ ರಾಜಕೇಂದ್ರವನ್ನು ಕುರಿತು ಒಂದು ಗ್ರಂಥವನ್ನು ಬರೆದರು. ಅದೇ ವರ್ಷ ಅವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾದರು. ಅತಿಥಿಗೆ ಬಾಗಿಲು ತೆರೆಯುವುದು, ಆದರೆ ಮನೆಯ ಯಜಮಾನಿಕೆಯನ್ನು ಬಿಟ್ಟುಕೊಡದಿರುವುದು, ಇದು ಅವರು ಹಾಕಿಕೊಟ್ಟ ದಾರಿ.

ನಮ್ಮ ನಾಡಿನಲ್ಲಿಯೇ ಹುಟ್ಟಿ ಲೋಕವನ್ನು ಬೆರಗುಗೊಳಿಸಿದ ಪೀಠಗಳಿಗೂ ಕೊರತೆಯಿಲ್ಲ. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಓಲೆಗರಿಗಳಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡು, ೧೯೦೯ರಲ್ಲಿ ಮೂಲವನ್ನು ಪ್ರಕಟಿಸಿದಾಗ ಯುರೋಪಿನ ಏಷ್ಯಾವಿದ್ಯೆಯೇ ತನ್ನ ಅಭಿಪ್ರಾಯಗಳನ್ನು ತಿದ್ದಿಕೊಳ್ಳಬೇಕಾಯಿತು. ಅದೇ ೧೯೦೯ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯೂ, ೧೯೩೯ರಲ್ಲಿ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯೂ ಹುಟ್ಟಿದವು. ಅಂತರರಾಷ್ಟ್ರೀಯವೆಂಬ ಕೀರ್ತಿ ಹೆಸರಿನ ಹಲಗೆಯಿಂದ ಬರುವುದಿಲ್ಲ, ಮಾಡಿದ ಕೆಲಸದಿಂದ ಬರುತ್ತದೆ.

ಒಡೆದ ಕಲ್ಲು ಮತ್ತೆ ಕೂಡದು

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಓಲೆಗರಿ ಒಂದು ಹಾಳಾದರೆ ಇನ್ನೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು, ಗುಡ್ಡಕ್ಕೆ ಪ್ರತಿಯಿಲ್ಲ. ಕಣಶಿಲೆಗೆ ಇಂದು ಮಾರುಕಟ್ಟೆಯಿದೆ. ೧೮೯೨ರಲ್ಲಿ ವರ್ಣಿತವಾಗಿದ್ದ ಕುಪ್ಪಗಲ್ಲಿನ ಕೊರೆಚಿತ್ರಗಳನ್ನು ನಿಕೋಲ್ ಬೋಯ್ವಿನ್ ಅವರು ಮತ್ತೆ ಅಭ್ಯಸಿಸಿ, ೨೦೦೪ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ವಿವರಿಸಿದರು. ಬಡಿದರೆ ಗಂಟೆಯಂತೆ ನಿನದಿಸುವ ಬಂಡೆಗಳೂ, ಪ್ರಾಚೀನರು ಬಡಿದು ಬಡಿದು ಸವೆಸಿದ ಗುಳಿಗಳೂ ಅಲ್ಲಿವೆ. ಕಲ್ಲುಗಣಿಗಾರಿಕೆ ಆ ತಾಣವನ್ನು ತಿನ್ನುತ್ತ ಬಂದಿರುವುದನ್ನೂ ಅವರು ಲೋಕಕ್ಕೆ ತಿಳಿಸಿದರು. ಸಾವಿರಾರು ವರ್ಷ ಬಿಸಿಲಿಗೂ ಮಳೆಗೂ ಜಗ್ಗದ ಚಿತ್ರ ಒಂದು ದಿನದ ಸಿಡಿಮದ್ದಿಗೆ ಜಲ್ಲಿಯಾಗಬಹುದು. ಕುಪ್ಪಗಲ್ಲಿಗೆ ಬಂದ ಗಂಡಾಂತರ ಬಂಡೆಯ ಗುಡ್ಡಗಳುಳ್ಳ ಯಾವ ಊರಿಗಾದರೂ ಬರಬಹುದಾದುದು. ತೆಕ್ಕಲಕೋಟೆ ಅದಕ್ಕೆ ಹೊರತಲ್ಲ.

ಕಾನೂನಿಲ್ಲವೆ ಎಂದರೆ ಇದೆ. ೧೯೫೮ರ ಕೇಂದ್ರದ ಶಾಸನವೂ ೧೯೬೧ರ ಕರ್ನಾಟಕದ ಶಾಸನವೂ ಪ್ರಾಚೀನ ಸ್ಮಾರಕ ಮತ್ತು ನೆಲೆಗಳ ರಕ್ಷಣೆಗೆಂದೇ ಆದವು. ಆದರೆ ಶಾಸನವು ಘೋಷಿತವಾದುದನ್ನು ಮಾತ್ರ ಕಾಯುತ್ತದೆ. ದೇವಾಲಯವಾದರೆ ಕಣ್ಣಿಗೆ ಕಾಣುತ್ತದೆ, ಕೋಟೆಯಾದರೆ ಕಾಣುತ್ತದೆ. ಗುಡ್ಡದ ಮೇಲಿನ ಬೂದುಮಣ್ಣು, ಒಡೆದ ಬೋಕಿ, ನುಣುಪಾದ ಕಲ್ಲು ಇವು ಅರಿತವನಿಗೆ ಮಾತ್ರ ಕಾಣುತ್ತವೆ. ಅರಿಯದವನಿಗೆ ಕಲ್ಲುಗೊಡಲಿಯೂ ಕಲ್ಲೇ, ಜಲ್ಲಿಯೂ ಕಲ್ಲೇ. ಕಾವಲುಗಾರನು ಸಂಜೆಗೆ ಮನೆಗೆ ಹೋಗುತ್ತಾನೆ. ಊರು ಮಾತ್ರ ಗುಡ್ಡದ ಬುಡದಲ್ಲಿಯೇ ಇರುತ್ತದೆ. ಆದುದರಿಂದ ಊರಿಗೆ ತಿಳಿಸುವುದೇ ನಿಜವಾದ ಕಾವಲು. ಊರಿಗೆ ತಿಳಿಸುವುದೆಂದರೆ ಕನ್ನಡದಲ್ಲಿ ತಿಳಿಸುವುದು.

ಇದು ಪಂಡಿತರ ಗೊಡವೆ, ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಶಿಲಾಯುಗದ ಮಾತೇಕೆ ಎನ್ನುವವರಿದ್ದಾರೆ. ಕಲ್ಲು ಒಡೆದು ಕೂಲಿ ಗಳಿಸುವವನ ಹೊಟ್ಟೆಯ ಪಾಡು ಸುಳ್ಳಲ್ಲ. ಅವನ ಕೂಲಿಯನ್ನು ಕಸಿಯಬೇಕೆಂದು ನಾವು ಹೇಳುವುದಿಲ್ಲ. ಯಾವ ಗುಡ್ಡವನ್ನು ಒಡೆಯಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಗುತ್ತಿಗೆ ಕೊಡುವ ಮೊದಲೇ ನಿರ್ಧರಿಸಿದರೆ ಕೂಲಿಯೂ ಉಳಿಯುತ್ತದೆ, ಗುಡ್ಡವೂ ಉಳಿಯುತ್ತದೆ. ಇನ್ನು ಕೆಲವರು, ಹೊರಗಿನವರು ನಮ್ಮದನ್ನೆಲ್ಲ ಕೊಂಡೊಯ್ದರೆಂದು ಕೋಪಗೊಳ್ಳುತ್ತಾರೆ. ಜ್ಞಾನವು ಹಂಚಿದರೆ ಕರಗುವ ಸೊತ್ತಲ್ಲ. ಲಂಡನ್ನಿನಲ್ಲಿ ತೆಕ್ಕಲಕೋಟೆಯನ್ನು ಬಲ್ಲವರಿರುವುದರಿಂದ ನಮಗೆ ನಷ್ಟವಿಲ್ಲ. ತೆಕ್ಕಲಕೋಟೆಯಲ್ಲಿ ಬಲ್ಲವರು ಇಲ್ಲದೆ ಹೋದರೆ ಮಾತ್ರ ನಷ್ಟ.

ಮಾಡತಕ್ಕ ಕಾರ್ಯ

ಆದುದರಿಂದ ಮೂರು ಸಲಹೆಗಳನ್ನು ನಾಡಿನ ಮುಂದಿಡುತ್ತೇವೆ. ಮೊದಲನೆಯದು, ಕರ್ನಾಟಕದ ನೆಲದಲ್ಲಿ ಅಗೆಯುವುದಕ್ಕೆ ಅಪ್ಪಣೆ ಕೇಳುವ ಯಾವ ಸಂಸ್ಥೆಯೇ ಆಗಲಿ, ದೇಶದ್ದಾಗಲಿ ವಿದೇಶದ್ದಾಗಲಿ, ತನ್ನ ವರದಿಯ ಸಾರವನ್ನು ತಿಳಿಗನ್ನಡದಲ್ಲಿ ಬರೆದು ಆಯಾ ಊರಿನ ಗ್ರಂಥಾಲಯಕ್ಕೂ ಶಾಲೆಗಳಿಗೂ ಕೊಡತಕ್ಕದ್ದೆಂದು ಅಪ್ಪಣೆಯಲ್ಲಿಯೇ ವಿಧಿಸಬೇಕು. ಭಾಷಾಂತರದ ಕಾರ್ಯದಲ್ಲಿ ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನೆರವಾಗಬಹುದು. ಎರಡನೆಯದು, ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಗಳ ಶಿಲಾಯುಗದ ನೆಲೆಗಳೆಲ್ಲದರ ನಕ್ಷೆಯೊಂದನ್ನು ಸಿದ್ಧಪಡಿಸಿ, ಗಣಿಗುತ್ತಿಗೆ ಕೊಡುವ ಅಧಿಕಾರಿಯ ಮೇಜಿನ ಮೇಲಿಡಬೇಕು. ಅದನ್ನು ನೋಡದೆ ಒಂದು ಗುತ್ತಿಗೆಗೂ ರುಜು ಬೀಳಕೂಡದು. ಮೂರನೆಯದು, ಬಳ್ಳಾರಿಯಲ್ಲಿ ಬ್ರೂಸ್ ಫೂಟರ ಹೆಸರಿನಲ್ಲಿ ಏರ್ಪಟ್ಟಿರುವ ಸಂಗನಕಲ್ಲಿನ ವಸ್ತುಸಂಗ್ರಹಾಲಯವನ್ನು ಸುತ್ತಲಿನ ಹಳ್ಳಿಗಳ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ನೋಡುವಂತೆ ಏರ್ಪಡಿಸಬೇಕು. ಪುಸ್ತಕದಲ್ಲಿ ನೈಲ್ ನದಿಯ ನಾಗರಿಕತೆಯನ್ನು ಬಾಯಿಪಾಠಮಾಡುವ ಹುಡುಗನಿಗೆ ತನ್ನ ಊರಿನ ಗುಡ್ಡದ ನಾಗರಿಕತೆಯನ್ನು ಕಣ್ಣಾರೆ ಕಾಣುವ ಹಕ್ಕಿದೆ.

ಈ ಸಲಹೆಗಳಲ್ಲಿ ಯಾವುದಕ್ಕೂ ಹೇರಳವಾದ ಹಣ ಬೇಡ, ಬೇಕಾದುದು ಮನಸ್ಸು. ೧೯೩೪ರಲ್ಲಿ ಮುಚ್ಚಿದ್ದ ಡೆಕ್ಕನ್ ಕಾಲೇಜನ್ನು ಹಳೆಯ ವಿದ್ಯಾರ್ಥಿಗಳ ಹಟ ತೆರೆಯಿಸಿತು. ಅದು ತೆರೆದುದರಿಂದ ತೆಕ್ಕಲಕೋಟೆಯ ಗುಡ್ಡ ಬಾಯಿಬಿಟ್ಟಿತು. ಆ ಗುಡ್ಡದ ಮಾತನ್ನು ಪುಣೆ ಕೇಳಿತು, ಮುಂಬಯಿ ಎಣಿಸಿತು, ಲಂಡನ್ನು ತೂಗಿ ನೋಡಿತು. ಇನ್ನು ಅದನ್ನು ಕನ್ನಡದಲ್ಲಿ ಕೇಳಿ ತಮ್ಮ ಮಕ್ಕಳಿಗೆ ಹೇಳತಕ್ಕವರು ಅದರ ನೆರಳಿನಲ್ಲಿ ಬಾಳುತ್ತಿರುವವರು. ಸಿಡಿಮದ್ದಿನ ಸದ್ದು ಹತ್ತಿರವಾಗುವ ಮೊದಲೇ ಆ ಕೆಲಸ ನಡೆಯಬೇಕಾಗಿದೆ.